ಕಲಾವತಿ ಕೊಟ್ಟ ಡಬ್ಬಿ

ಊಟದ ತಟ್ಟೆ ಮುಂದಿಟ್ಟುಕೊಂಡು ಓದುವವರು ದಯವಿಟ್ಟು ಊಟ ಮುಗಿಸಿ ಬನ್ನಿ. ನಾನು ಬರೆಯುತ್ತಿರುವುದು ನನ್ನ ಕರುಳಿನ ಸಂಗತಿ, ಅದರಲ್ಲಿ ಇನ್ನೊಬ್ಬರ ಮಲದ ಮಾತು ಬರುತ್ತದೆ. ಮುಚ್ಚಿಟ್ಟು ಬರೆಯಲು ನನಗೆ ಬರುವುದಿಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ಕುಳಿತಾಗ, ಈ ಚಿಕಿತ್ಸೆ ಮಾಡಿಸಿಕೊಂಡವರು ಒಬ್ಬರಾದರೂ ಸಿಕ್ಕಿದ್ದರೆ ಕೇಳಬಹುದಿತ್ತು ಎಂದು ಎಷ್ಟೋ ಸಲ ಅಂದುಕೊಂಡೆ. ಯಾರೂ ಸಿಗಲಿಲ್ಲ. ನಿಮಗೆ ನಾನಾದರೂ ಸಿಗಲಿ ಎಂದು ಬರೆಯುತ್ತಿದ್ದೇನೆ.

ನಾನು ಬಸ್ ಕಂಡಕ್ಟರ್. ಹೆಸರು ಸುಲೋಚನಾ, ಮನೆ ಭಾಲ್ಕಿಯಲ್ಲಿ. ಭಾಲ್ಕಿ, ಬೀದರ್, ಔರಾದ್ ನಡುವಿನ ಬಸ್ಸುಗಳಲ್ಲಿ ಹದಿನೆಂಟು ವರ್ಷ ನಿಂತೇ ಕಳೆದಿದ್ದೇನೆ. ಸಂಶಯಪಡುವುದೇ ನನ್ನ ಕಸುಬು. ಜನವಾಡದಲ್ಲಿ ಹತ್ತಿ, ಹತ್ತಿದ ಕೂಡಲೇ ಕಿಟಕಿಗೆ ತಲೆಕೊಟ್ಟು ನಿದ್ದೆ ಮಾಡುವವನ ಹತ್ತಿರ ಟಿಕೆಟ್ ಇಲ್ಲ ಎಂದು ಹಿಂದಿನ ಬಾಗಿಲಲ್ಲಿ ನಿಂತೇ ಹೇಳಬಲ್ಲೆ. ನನ್ನ ಗಂಡ ಬಸವರಾಜ ಕಿರಾಣಿ ಅಂಗಡಿ ಇಟ್ಟವರು. "ಇಕಿ ದೇವರು ಎದುರಿಗೆ ಬಂದ್ರೂ ಪಾಸ್ ತೋರಸು ಅಂತಾಳ" ಎಂದು ಗಿರಾಕಿಗಳ ಮುಂದೆ ನನ್ನನ್ನು ಆಡಿಕೊಳ್ಳುತ್ತಾರೆ.

ಡ್ಯೂಟಿಯ ದಿನ ನಾನು ನೀರು ಕುಡಿಯುತ್ತಿರಲಿಲ್ಲ. ಗಂಡಸಾದ ಡ್ರೈವರ್ ಎಲ್ಲಿ ಬೇಕಾದರೂ ಗಾಡಿ ನಿಲ್ಲಿಸಿ ಮರದ ಹಿಂದೆ ಹೋಗಿ ಬರುತ್ತಾನೆ. ಹೆಣ್ಣು ಕಂಡಕ್ಟರ್ ತೊಗರಿ ಹೊಲ ನೋಡುತ್ತ ಹಲ್ಲು ಕಚ್ಚಿ ನಿಲ್ಲಬೇಕು. ಬಸ್ ಸ್ಟ್ಯಾಂಡಿನ ಶೌಚಾಲಯಗಳ ಬಗ್ಗೆ ಬರೆಯಲು ಕುಳಿತರೆ ಅದೇ ಬೇರೆ ಲೇಖನವಾದೀತು. ವರ್ಷಕ್ಕೆ ಮೂರ್ನಾಲ್ಕು ಸಲ ಉರಿಮೂತ್ರ ಬರುತ್ತಿತ್ತು. ಆಗೆಲ್ಲ ಸ್ಟ್ಯಾಂಡಿನ ಎದುರಿನ ಮೆಡಿಕಲ್‌ನಲ್ಲಿ "ಹ್ವಾದ ಸಲದ್ದೇ ಕೊಡ್ರಿ" ಎಂದು ನಾಲ್ಕು ಗುಳಿಗೆ ತೆಗೆದುಕೊಳ್ಳುತ್ತಿದ್ದೆ. ಎರಡಕ್ಕೆ ಉರಿ ನಿಂತರೆ ಉಳಿದ ಎರಡು ಬ್ಯಾಗಿಗೆ. ಗಂಡನಿಗೆ ಗಂಟಲು ನೋವೆಂದರೆ, ಮಗಳು ಸುಜಾತಾಳಿಗೆ ಜ್ವರವೆಂದರೆ ಅವು ಅವರ ಪಾಲಿಗೆ. ಊರೆಲ್ಲರನ್ನೂ ಸಂಶಯದಿಂದ ನೋಡುವ ನಾನು ಆ ಗುಳಿಗೆಗಳನ್ನು ಒಂದು ದಿನವೂ ಹಾಗೆ ನೋಡಲಿಲ್ಲ.

ಒಂದು ಬೇಸಿಗೆಯಲ್ಲಿ ಗುಳಿಗೆಗಳು ಕೈಕೊಟ್ಟವು. ಔರಾದ್ ಸ್ಟ್ಯಾಂಡಿನಲ್ಲಿ ನಡುಮಧ್ಯಾಹ್ನದ ಬಿಸಿಲಿಗೆ ನನಗೆ ಚಳಿ ಹತ್ತಿ ಹಲ್ಲು ಕಟಕಟ ಎಂದವು. ಡ್ರೈವರ್ ಅದೇ ಬಸ್ಸಿನಲ್ಲಿ ನನ್ನನ್ನು ಬೀದರಿಗೆ ತಂದು ಆಸ್ಪತ್ರೆಗೆ ಸೇರಿಸಿದ. ಸೋಂಕು ಮೂತ್ರಪಿಂಡಕ್ಕೆ ಏರಿತ್ತು. ಇಂಜೆಕ್ಷನ್ ಕೊಟ್ಟರು, ಇಳಿಯಿತು, ಮನೆಗೆ ಬಂದೆ. ತಿಂಗಳು ಕಳೆಯುವಷ್ಟರಲ್ಲಿ ಮತ್ತೆ ಬಂತು. ಮತ್ತೆ ಇಂಜೆಕ್ಷನ್, ಮತ್ತೆ ಮನೆ, ಮತ್ತೆ ಅದೇ ವಾರ್ಡು. ನಾಲ್ಕನೆಯ ಸಲ ಬೀದರಿನ ಡಾಕ್ಟರು ಲ್ಯಾಬಿನ ವರದಿಯನ್ನು ನನ್ನ ಕೈಗೇ ಕೊಟ್ಟರು. ಔಷಧಿಗಳ ಹೆಸರು ಸಾಲಾಗಿದ್ದವು, ಪ್ರತಿಯೊಂದರ ಮುಂದೆ ಒಂದೊಂದು ಇಂಗ್ಲಿಷ್ ಅಕ್ಷರ. ಆರ್, ಆರ್, ಆರ್, ಆರ್. ತೀರ ಕೆಳಗೆ ಒಂದೇ ಒಂದು ಎಸ್.

"ಆರ್ ಅಂದ್ರ ಈ ಔಷಧಕ್ಕ ಆ ಕಣ್ಣಿಗಿ ಕಾಣದ ಸೋಂಕಿನ ಜಂತು ಹೆದರಂಗಿಲ್ಲ ಅಮ್ಮಾ. ಎಸ್ ಅಂದ್ರ ಹೆದರ್ತದ."

"ಒಂದಕ್ಕರೆ ಹೆದರ್ತದಲ್ಲರಿ."

"ಆ ಒಂದು ನಿಮ್ಮ ಕಿಡ್ನಿಗೂ ಚಲೋದಲ್ಲ. ಭಾಳ ಸಲ ಕೊಡಾಕ ಬರಂಗಿಲ್ಲ. ಜಂತು ನಿಮ್ಮ ಕರುಳಿನ್ಯಾಗ ಮನಿ ಮಾಡ್ಯದ. ಇಲ್ಲಿ ಹೊಡದ್ರ ಅಲ್ಲಿ ಅಡಗ್ತದ, ಮತ್ತ ಬರ್ತದ. ನಾಳೆ ಆ ಎಸ್ ಹೋಗಿ ಅಲ್ಲೂ ಆರ್ ಬಂತಂದ್ರ..."

ಅವರು ಮಾತು ಮುಗಿಸಲಿಲ್ಲ. ಮನೆಗೆ ಬರುವ ಬಸ್ಸಿನಲ್ಲಿ ನಾನೇ ಮುಗಿಸಿಕೊಂಡೆ. ಮುಂದಿನ ಸಲ ಅಥವಾ ಅದರ ಮುಂದಿನ ಸಲ ನಾನು ಸಾಯುತ್ತೇನೆ. ಮಗಳ ಕಾಲೇಜು ಮುಗಿದಿರಲಿಲ್ಲ. ಅಷ್ಟು ಹೆದರಿಕೆ ನನಗೆ ಅದಕ್ಕಿಂತ ಮುಂಚೆ ಎಂದೂ ಆಗಿರಲಿಲ್ಲ. ಟಿಕೆಟ್ ಕೊಡಲು ಬಂದ ಬೇರೆ ಕಂಡಕ್ಟರ್ ಹುಡುಗಿ ನನ್ನ ಮುಖ ನೋಡಿ ಏನೂ ಕೇಳದೆ ಮುಂದೆ ಹೋದಳು.

ಔರಾದ್ ಕಡೆಯಿಂದ ನನ್ನ ಅವ್ವ ಬಂದಳು. ಬಂದವಳೇ ಅಂಗಳದ ಆಚೆ ಬದಿಯ ಮನೆಯ ಕಡೆ ಕಣ್ಣು ಮಾಡಿ, "ಅದು ಹಳೇದ್ದೇ ಅದ. ಪೂರಾ ಬಿದ್ದಿಲ್ಲ, ಒಳಗ ಉಳದದ" ಎಂದಳು.

ಇದನ್ನು ಬಿಡಿಸಿ ಹೇಳಬೇಕು. ಅಂಗಳದ ಆಚೆ ಬದಿಯಲ್ಲಿ ನನ್ನ ಮೈದುನನ ಸಂಸಾರವಿದೆ. ಅವನ ಹೆಂಡತಿ ಕಲಾವತಿ, ಅಂದರೆ ನನ್ನ ನೆಗೆಣ್ಣಿ. ಹನ್ನೊಂದು ವರ್ಷದ ಹಿಂದೆ ಎಲ್ಲರೂ ಒಂದೇ ಒಲೆಯ ಮೇಲೆ ಉಣ್ಣುತ್ತಿದ್ದೆವು. ಒಂದು ಹಬ್ಬದಲ್ಲಿ ಕಲಾವತಿ ಮಾಡಿದ ಹೋಳಿಗೆ ಉಂಡು ನನಗೆ ಎರಡು ದಿನ ವಾಂತಿಯಾಯಿತು. ಅದೇ ಹೋಳಿಗೆ ಮನೆಮಂದಿಯೆಲ್ಲ ಉಂಡಿದ್ದರು, ಯಾರಿಗೂ ಏನೂ ಆಗಲಿಲ್ಲ. ಅವ್ವ ಅದನ್ನೇ ಹಿಡಿದಳು. ನನಗೊಬ್ಬಳಿಗೇ ಆಗಿದೆ ಎಂದರೆ ನನ್ನ ಎಲೆಗೇ ಮದ್ದು ಹಾಕಿದ್ದಾಳೆ ಎಂದಳು. ಮದ್ದು ಹಾಕುವುದೆಂದರೆ ನಮ್ಮ ಕಡೆ ಹೇಳಬೇಕಾಗಿಲ್ಲ. ಆಗದವರ ಊಟದಲ್ಲಿ ಏನನ್ನೋ ಬೆರೆಸಿಬಿಟ್ಟರೆ ಅದು ಹೊಟ್ಟೆಯಲ್ಲಿ ವರ್ಷಗಟ್ಟಲೆ ಕುಳಿತು ಮನುಷ್ಯನನ್ನು ಒಣಗಿಸುತ್ತದೆ ಎಂಬ ನಂಬಿಕೆ. ಅದನ್ನು ತೆಗೆಯುವವರೂ ಇದ್ದಾರೆ. ಔರಾದ್ ತಾಲೂಕಿನ ಒಂದು ಹಳ್ಳಿಗೆ ಅವ್ವ ನನ್ನನ್ನು ಕರೆದುಕೊಂಡು ಹೋದಳು. ಅಲ್ಲಿಯ ಮನುಷ್ಯ ಎಂಥದೋ ಸೊಪ್ಪಿನ ರಸ ಕುಡಿಸಿ ವಾಂತಿ ಮಾಡಿಸಿ, ಅದರೊಳಗಿನಿಂದ ಕೂದಲು ಸುತ್ತಿದ ಕಪ್ಪು ಉಂಡೆಯೊಂದನ್ನು ಕಡ್ಡಿಯಿಂದ ಎತ್ತಿ ತೋರಿಸಿದ.

ನಾನು ನಂಬಿದೆ. ಟಿಕೆಟ್ ಇಲ್ಲದವನನ್ನು ಮುಖ ನೋಡಿ ಹಿಡಿಯುವವಳು ಅವನ ಬೆರಳ ಸಂದಿ ನೋಡಲಿಲ್ಲ. ಮನೆಗೆ ಬಂದು ಒಲೆ ಬೇರೆ ಮಾಡಿಸಿದೆ, ನೀರಿನ ಕೊಡ ಬೇರೆ, ಬಚ್ಚಲು, ಪಾಯಖಾನೆ ಎಲ್ಲ ಬೇರೆ. ಕಲಾವತಿಯ ಜೊತೆ ಮಾತು ಬಿಟ್ಟೆ. ಬಿಟ್ಟದ್ದಷ್ಟೇ ಅಲ್ಲ, ಓಣಿಯ ಹೆಂಗಸರಿಗೆಲ್ಲ ಕಾರಣವನ್ನೂ ಹೇಳಿದೆ. ಮದುವೆ ಮನೆಗಳಲ್ಲಿ ಕಲಾವತಿ ಬಡಿಸಲು ಬಂದರೆ ಕೆಲವರು ಎಲೆಯ ಮೇಲೆ ಕೈ ಅಡ್ಡ ಹಿಡಿಯುತ್ತಿದ್ದರು. ಅದು ನನ್ನ ಕೆಲಸ.

ಈ ಸಲ ಅವ್ವನ ಮಾತು ಕೇಳಿ ಮತ್ತೆ ಆ ಹಳ್ಳಿಗೆ ಹೋಗುವವಳೇ ಇದ್ದೆ. ಸುಜಾತಾ ಅಡ್ಡ ನಿಂತಳು. "ಅವ್ವಾ, ವರದಿ ಒಳಗ ಚಿಗವ್ವನ ಹೆಸರಿಲ್ಲ" ಎಂದಳು. ಬೀದರಿನ ಡಾಕ್ಟರು ಚೀಟಿ ಬರೆದುಕೊಟ್ಟಿದ್ದರು, ನಾವು ಹೈದರಾಬಾದಿಗೆ ಹೋದೆವು.

ಅಲ್ಲಿಯ ಆಸ್ಪತ್ರೆಯ ಕಾಯುವ ಕೋಣೆ ನಮ್ಮ ಬೀದರ್ ಬಸ್ ಸ್ಟ್ಯಾಂಡಿನಷ್ಟು ದೊಡ್ಡದು. ಕೈಯಲ್ಲಿ ಟೋಕನ್, ಗೋಡೆಯ ಮೇಲೆ ಕೆಂಪಗೆ ಬದಲಾಗುವ ನಂಬರು. ನಮಗಿಂತ ಹಿಂದೆ ಬಂದವರನ್ನು ಮೊದಲು ಕರೆಯುತ್ತಿದ್ದಾರೆ ಎಂದು ನನಗೆ ಗುಮಾನಿ. ಮೂರು ಸಲ ಎದ್ದು ಹೋಗಿ ಕೇಳಿದೆ, ಮೂರು ಸಲವೂ ನನ್ನದೇ ತಪ್ಪಿತ್ತು. ಒಳಗೆ ಡಾಕ್ಟರು ಹಿಂದಿಯಲ್ಲಿ ನಿಧಾನವಾಗಿ ಹೇಳಿದರು. ಔಷಧಿಯಿಂದ ಆ ಜಂತುವನ್ನು ಓಡಿಸಲಾಗದು. ಆರೋಗ್ಯವಂತರ ಮಲವನ್ನು ಪರೀಕ್ಷಿಸಿ, ಸೋಸಿ, ನನ್ನ ಕರುಳಿಗೆ ಹಾಕಬೇಕು. ಅದರಲ್ಲಿರುವ ಒಳ್ಳೆಯ ಜಂತುಗಳು ಬೇರೂರಿ ಕೆಟ್ಟದ್ದಕ್ಕೆ ಜಾಗ ಇಲ್ಲದಂತೆ ಮಾಡಬಹುದು. ಮಾಡಬಹುದು ಎಂದರು, ಮಾಡುತ್ತವೆ ಎನ್ನಲಿಲ್ಲ. ಇದು ಇನ್ನೂ ಪ್ರಯೋಗದ ಹಂತದಲ್ಲಿದೆ, ಕೆಲವರಿಗೆ ಗುಣವಾಗಿದೆ, ಕೆಲವರಿಗೆ ಆಗಿಲ್ಲ, ಒಪ್ಪಿಗೆಯ ಸಹಿ ಬೇಕು ಎಂದರು.

ನಾನು ಗಂಡನ ಮುಖ ನೋಡಿದೆ. ಅವರು, "ಸಾಹೇಬ್ರ, ಇದು ಸರಕಾರಕ್ಕ ಗೊತ್ತದ ಏನ್ರಿ?" ಎಂದು ಕನ್ನಡದಲ್ಲೇ ಕೇಳಿದರು. ಅವರ ಪ್ರಶ್ನೆಯನ್ನು ನಾನು ಹಿಂದಿಗೆ ತಿರುಗಿಸಿದೆ. ಡಾಕ್ಟರು ನಗಲಿಲ್ಲ, ಆಸ್ಪತ್ರೆಯ ಸಮಿತಿಯ ಅನುಮತಿ ಪತ್ರ ತೆಗೆದು ತೋರಿಸಿದರು. ನಗದೆ ತೋರಿಸಿದ್ದಕ್ಕೆ ನನಗೆ ಅವರ ಮೇಲೆ ಸ್ವಲ್ಪ ಭರವಸೆ ಬಂತು. ಆದರೂ ಆ ಒಪ್ಪಿಗೆ ಪತ್ರವನ್ನು ಸುಜಾತಾಳಿಂದ ಎರಡು ಸಲ ಓದಿಸಿದೆ.

ಅವ್ವನಿಗೆ ಹೇಳಿದಾಗ, "ಕೊರಳಾಗ ಲಿಂಗ ಕಟಗೊಂಡಾಕಿ ಹೊಟ್ಟ್ಯಾಗ ಮಂದಿ ಹೇಲು ಹಾಕಸ್ಕೋತಿ?" ಎಂದಳು. ಆಮೇಲೆ ಎರಡು ದಿನ ಮಾತಾಡಲಿಲ್ಲ. ಮೂರನೆಯ ದಿನ ಔರಾದಿಗೆ ಹೊರಟು ನಿಂತವಳು ಬಾಗಿಲಲ್ಲಿ ತಿರುಗಿ, "ಬದಕ್ತಿ ಅಂದ್ರ ಹಾಕಸ್ಕೊ" ಎಂದಳು. ಅಷ್ಟು ಹೇಳಲು ಅವಳಿಗೆ ಎಷ್ಟು ಕಷ್ಟವಾಯಿತೆಂದು ನನಗೆ ಗೊತ್ತು.

ಆಸ್ಪತ್ರೆಯಲ್ಲಿ ಪರೀಕ್ಷೆ ಮಾಡಿ ತೆಗೆದಿಟ್ಟ ದಾನಿಗಳ ಮಲ ಇತ್ತು. ಅದನ್ನು ನಾನು ಒಪ್ಪಲಿಲ್ಲ. ಯಾರದೋ ಏನೋ, ಏನು ಉಂಡವರೋ, ಹೆಸರೂ ಹೇಳುವುದಿಲ್ಲವಂತೆ. ನಮ್ಮವರದೇ ಆಗಬೇಕೆಂದು ಹಟ ಹಿಡಿದೆ. ಡಾಕ್ಟರು ಬೇಸರಿಸದೆ ಒಪ್ಪಿದರು. ಗಂಡನದು ಪರೀಕ್ಷೆಗೆ ಹೋಯಿತು. ಅದರಲ್ಲೂ ಅದೇ ಜಂತು ಸಿಕ್ಕಿತು, ಅವರಿಗೆ ಕಾಯಿಲೆ ಮಾಡದೆ ಸುಮ್ಮನೆ ಕುಳಿತಿತ್ತು. ಸುಜಾತಾಳದರಲ್ಲೂ ಅದೇ. ಒಂದೇ ಅಡುಗೆ, ಒಂದೇ ಪಾಯಖಾನೆ, ಮೇಲೆ, ಜಂತುವಿಗೆ ಔಷಧದ ಹೆದರಿಕೆ ಬಿಡಿಸುವಂತೆ ನಾನು ಹಂಚಿದ ಅರ್ಧಂಬರ್ಧ ಗುಳಿಗೆಗಳು. ಅಷ್ಟು ಕೇಳಿ ನಾನು ಆಸ್ಪತ್ರೆಯ ಮೆಟ್ಟಿಲ ಮೇಲೆ ಕುಳಿತು ಅತ್ತೆ. ನನ್ನ ರೋಗಕ್ಕಾಗಿ ಅಲ್ಲ, ಮಗಳ ಹೊಟ್ಟೆಗೆ ಹಾದಿ ಮಾಡಿಕೊಟ್ಟದ್ದಕ್ಕಾಗಿ. ಠಾಣಾ ಕುಶನೂರಿನ ನನ್ನ ಅಣ್ಣ ಬಂದ. ಅವನು ಹಿಂದಿನ ತಿಂಗಳು ಕೆಮ್ಮಿಗೆಂದು ಮೆಡಿಕಲ್‌ನಿಂದ ಗುಳಿಗೆ ತಂದು ನುಂಗಿದ್ದ, ಅದು ಒಳ್ಳೆಯ ಜಂತುಗಳನ್ನೂ ಕೊಂದಿರುತ್ತದೆ ಎಂದು ಅವನನ್ನು ಬಾಗಿಲಿನಿಂದಲೇ ಕಳಿಸಿದರು.

ನಮ್ಮ ಅಂಗಳದಲ್ಲಿ ಗುಟ್ಟು ನಿಲ್ಲುವುದಿಲ್ಲ. ಒಂದು ಮುಂಜಾನೆ ಕಲಾವತಿ ನಳದ ಹತ್ತಿರ ಬಂದು ನಿಂತಳು. ನನ್ನ ಕಡೆ ನೋಡದೆ ನನ್ನ ಗಂಡನಿಗೆ ಹೇಳಿದಳು.

"ಭಾವಾರ, ನಂದೂ ಒಂದು ಟೆಸ್ಟ್ ಮಾಡಸ್ರಿ. ನಾ ಗುಳಿಗಿ ನುಂಗಿ ಎಷ್ಟು ವರ್ಷಾತೋ ನೆಪ್ಪಿಲ್ಲ."

ನನಗೆ ಮೈಯೆಲ್ಲ ಮುಳ್ಳಾಯಿತು. ಇವಳಿಗೇನು ಬೇಕು? ಮನೆಯ ಪಾಲು ಬೇಕೋ? ಅಥವಾ ಆಮೇಲೆ ಓಣಿಯಲ್ಲಿ ನಿಂತು, ನನ್ನ ಹೇಲಿನಿಂದ ಬದುಕಿದವಳು ಎಂದು ಹೇಳಿಕೊಂಡು ನಗಬೇಕೋ? ಎರಡು ದಿನ ಅದನ್ನೇ ತಿರುವಿ ಹಾಕಿದೆ. ಗಂಡ ನನ್ನನ್ನು ಕೇಳದೆಯೇ ಅವಳನ್ನು ಕರೆದುಕೊಂಡು ಹೋಗಿ ಪರೀಕ್ಷೆ ಮಾಡಿಸಿಕೊಂಡು ಬಂದರು. ರಕ್ತ, ಮಲ, ಎಲ್ಲ. ಯಾವುದರಲ್ಲೂ ದೋಷವಿಲ್ಲ. ನನ್ನ ಜಂತುವಿನ ಸುಳಿವೂ ಇಲ್ಲ.

ಡಾಕ್ಟರು ಆಶ್ಚರ್ಯಪಟ್ಟು, ಇವರು ನಿಮ್ಮ ಮನೆಯಲ್ಲೇ ಇರುವವರಲ್ಲವೇ ಎಂದು ಕೇಳಿದರು. ಒಂದೇ ಅಂಗಳ, ಆದರೆ ಹನ್ನೊಂದು ವರ್ಷದಿಂದ ಒಲೆ ಬೇರೆ, ನೀರು ಬೇರೆ, ಪಾಯಖಾನೆ ಬೇರೆ ಎಂದೆ. ಅದಕ್ಕೇ ಇವರು ಉಳಿದುಕೊಂಡಿರಬೇಕು ಎಂದರು. ನಾನು ಅವಳಿಂದ ನನ್ನನ್ನು ಕಾಪಾಡಿಕೊಳ್ಳಲು ಎಬ್ಬಿಸಿದ ಗೋಡೆ ಅವಳನ್ನು ನನ್ನಿಂದ ಕಾಪಾಡಿತ್ತು. ನಾಚಿಕೆಯಾಯಿತು ಎಂದು ಬರೆದರೆ ಸಾಲದು, ಆದರೆ ಬೇರೆ ಮಾತು ಹೊಳೆಯುತ್ತಿಲ್ಲ.

ಸಹಿ ಹಾಕುವ ಮುಂಚೆ ನಾನೇ ಅಂಗಳ ದಾಟಿ ಅವಳ ಬಾಗಿಲಲ್ಲಿ ನಿಂತೆ. ಒಳಗೆ ಹೋಗಲಿಲ್ಲ.

"ಕಲಾವತಿ, ಇದನ್ನ ಯಾರ ಮುಂದೂ ಹೇಳಬ್ಯಾಡ."

ಅವಳು ತೊಗರಿ ಆರಿಸುತ್ತಿದ್ದಳು. ತಲೆ ಎತ್ತಲಿಲ್ಲ. "ನಾ ಯಾರ ಮುಂದ ಹೇಳಲಿ ಅಕ್ಕಾ. ಊರ ಮುಂದೆಲ್ಲ ಹೇಳಿಕೋತ ಬಂದಾಕಿ ನೀನು."

ವಾಪಸು ಬಂದೆ.

ಆ ದಿನ ಹೈದರಾಬಾದಿನಲ್ಲಿ ಬೆಳಗಿನಿಂದ ನಾನು ಉಪವಾಸ. ಹಿಂದಿನ ದಿನವೇ ಕುಡಿಸಿದ ಔಷಧಿಯಿಂದ ಕರುಳು ಖಾಲಿಯಾಗಿ ಕಾಲು ನಡುಗುತ್ತಿತ್ತು. ಕಲಾವತಿ ಆಸ್ಪತ್ರೆಯಲ್ಲೇ ಬೆಳಗ್ಗೆ ಒಂದು ಡಬ್ಬಿಯಲ್ಲಿ ಕೊಡಬೇಕಾಗಿತ್ತು. ಡಬ್ಬಿ ಅದಲುಬದಲಾದರೆ ಎಂಬ ಚಿಂತೆ ನನಗೆ. ನನ್ನ ಕಂಡಕ್ಟರ್ ಬ್ಯಾಗಿನಲ್ಲಿ ನೋಟು ಕಟ್ಟುವ ಕೆಂಪು ರಬ್ಬರ್ ಇತ್ತು. ಅದನ್ನು ತೆಗೆದು, ಡಬ್ಬಿಗೆ ಹಾಕು ಎಂದು ಸುಜಾತಾಳ ಕೈಯಲ್ಲಿ ಕಳಿಸಿದೆ.

ಡಬ್ಬಿ ಬರಲಿಲ್ಲ. ಒಂದು ಗಂಟೆಯಾಯಿತು, ಎರಡಾಯಿತು. ಡಾಕ್ಟರು, ನರ್ಸುಗಳು, ಲ್ಯಾಬಿನವರು, ಎಲ್ಲರೂ ಕಲಾವತಿಗಾಗಿ ಕಾಯುತ್ತ ಕುಳಿತರು. ಮನಸ್ಸು ಬದಲಿಸಿದಳು ಎಂದು ನನ್ನ ಸಂಶಯ ಮತ್ತೆ ಎದ್ದು ಕುಳಿತಿತು. ಗೋಡೆ ಹಿಡಿದುಕೊಂಡು ಪಾಯಖಾನೆಯ ತನಕ ಹೋದೆ. ಮುಚ್ಚಿದ ಬಾಗಿಲಿನ ಆಚೆ ಅವಳು ಅಳುತ್ತಿದ್ದಳು. ಬಾಗಿಲು ತಟ್ಟಿ ಹೆಸರು ಹಿಡಿದು ಕರೆದೆ.

"ಬರವಲ್ದಕ್ಕಾ. ಹೊರಗ ಇಷ್ಟು ಮಂದಿ ಕುಂತಾರ. ಹ್ಯಾಂಗ ಬರ್ತದ?"

ಹನ್ನೊಂದು ವರ್ಷದ ಮೇಲೆ ಅವಳು ಅತ್ತುಕೊಂಡು ನನ್ನನ್ನು ಕರೆದಿದ್ದಳು, ಅದೂ ಪಾಯಖಾನೆಯ ಒಳಗಿನಿಂದ. ಮಂದಿಗೆ ಅಂಜಿ ಹಿಡಿದುಕೊಂಡು ಕೂಡುವುದು ಏನೆಂದು ನನಗಿಂತ ಚೆನ್ನಾಗಿ ಯಾರಿಗೆ ಗೊತ್ತು.

"ಗಡಿಬಿಡಿ ಮಾಡಬ್ಯಾಡ," ಎಂದೆ. "ಮಂದಿ ಕುಂತ್ರ ಕೂಡ್ಲಿ. ಬಸ್ಸು ನಿನ್ನ ಬಿಟ್ಟು ಹೋಗಂಗಿಲ್ಲ."

ಒಳಗಿನಿಂದ ಅಳುವೂ ನಗುವೂ ಬೆರೆತ ಸಪ್ಪಳ ಬಂತು. ನಾನು ಅಲ್ಲೇ ನೆಲದ ಮೇಲೆ ಕುಳಿತೆ. ಹಬ್ಬದ ಸುದ್ದಿ, ಸುಜಾತಾಳ ಕಾಲೇಜಿನ ಸುದ್ದಿ, ಅವಳ ಎಮ್ಮೆಯ ಸುದ್ದಿ, ಬಾಗಿಲಿಗೆ ಬೆನ್ನು ಕೊಟ್ಟು ಏನೇನೋ ಮಾತಾಡಿದೆ. ಸ್ವಲ್ಪ ಹೊತ್ತಿಗೆ ಬಾಗಿಲು ತೆರೆಯಿತು. ಡಬ್ಬಿಗೆ ಕೆಂಪು ರಬ್ಬರ್ ಎರಡು ಸುತ್ತು ಬಿಗಿಯಾಗಿತ್ತು.

ಮಧ್ಯಾಹ್ನ ನನ್ನನ್ನು ಒಳಗೆ ಮಲಗಿಸಿದಾಗ ಟ್ರೇಯಲ್ಲಿ ಡಬ್ಬಿ ಇರಲಿಲ್ಲ. ದಪ್ಪನೆಯ ಸಿರಿಂಜುಗಳು ಸಾಲಾಗಿ ಇದ್ದವು, ನಳಿಗೆಯಿಂದ ಕರುಳಿಗೆ ಬಿಡಲು ಕಂದು ನೀರು ತುಂಬಿ. ಇದು ಅವಳದೇ ಎಂಬುದಕ್ಕೆ ಏನು ಗುರುತು ಎಂದು ಎದ್ದು ಕುಳಿತೆ. ಹೆಸರು ಬರೆದ ಚೀಟಿ ತೋರಿಸಿದರು. ಚೀಟಿ ಯಾರು ಬೇಕಾದರೂ ಅಂಟಿಸಬಹುದು ಎಂದೆ. ಆಗ ನರ್ಸಮ್ಮ ಟ್ರೇಯ ಮೂಲೆ ನನ್ನ ಕಡೆ ತಿರುಗಿಸಿದರು. ತೊಳೆದ ಕೆಂಪು ರಬ್ಬರ್ ಅದರ ಹಿಡಿಕೆಗೆ ಸುತ್ತಿತ್ತು. "ಡರೊ ನಕ್ಕೊ ಅಮ್ಮಾ," ಹೆದರಬೇಡ ಎಂದು ನಮ್ಮ ಬೀದರಿನ ಮುಸಲ್ಮಾನ ಹೆಣ್ಣುಮಕ್ಕಳ ಧಾಟಿಯಲ್ಲೇ ಹೇಳಿ, ಲ್ಯಾಬಿನಿಂದ ಬೇಕೆಂದೇ ಅದನ್ನು ಕೇಳಿ ತಂದೆ ಎಂದರು. ಒಬ್ಬ ಸಂಶಯದ ಹೆಂಗಸಿಗಾಗಿ ಯಾರು ಇಷ್ಟು ಮಾಡುತ್ತಾರೆ? ಮಲಗಿಬಿಟ್ಟೆ.

ಅದಾದ ಮೇಲೆ ಎರಡು ದಿನ ಹೊಟ್ಟೆ ಗುಡುಗುಡು ಎಂದಿತು, ಬೇರೇನಿಲ್ಲ. ಒಂದು ತಿಂಗಳಿಗೆ ಪರೀಕ್ಷೆ ಮಾಡಿದಾಗ ಜಂತು ಇನ್ನೂ ಇತ್ತು, ಮೊದಲಿಗಿಂತ ಕಡಿಮೆ ಎಂದರು. ನನಗೆ ಮೊದಲೇ ಗೊತ್ತಿತ್ತು ಎಂದು ಮನೆಮಂದಿಯ ತಲೆ ತಿಂದೆ. ಮೂರು ತಿಂಗಳಿಗೆ ಮತ್ತೆ ಅದೇ ಕಾಯುವ ಕೋಣೆ, ಅದೇ ಕೆಂಪು ನಂಬರು. ಡಾಕ್ಟರು ಕಾಗದ ನೋಡಿ, "ಈ ಸಲ ಸಿಕ್ಕಿಲ್ಲ" ಎಂದರು. ಸಿಕ್ಕಿಲ್ಲ ಎಂದರೆ ಇಲ್ಲ ಎಂದೇ ಎಂದು ಕೇಳಿದೆ. ಸಿಕ್ಕಿಲ್ಲ ಎಂದರೆ ಸಿಕ್ಕಿಲ್ಲ ಎಂದೇ, ಮುಂದೆ ನೋಡೋಣ ಎಂದರು. ತಪಾಸಣೆಯಲ್ಲಿ ಸಿಗದವರೆಲ್ಲ ಟಿಕೆಟ್ ತೆಗೆದವರಲ್ಲ ಎಂದು ನನಗೆ ಗೊತ್ತು. ಆದರೂ ಅಂದಿನಿಂದ ಇಂದಿನವರೆಗೆ ಚಳಿ ಜ್ವರ ಬಂದಿಲ್ಲ. ನಾನು ಡ್ಯೂಟಿಗೆ ಮರಳಿದ್ದೇನೆ. ನೀರಿನ ಬಾಟಲಿ ಜೊತೆಗಿರುತ್ತದೆ, ಬೇಕಾದಲ್ಲಿ ಬಸ್ಸು ನಿಲ್ಲಿಸುತ್ತೇನೆ, ಗೊಣಗುವವರು ಗೊಣಗಲಿ. ಇದನ್ನು ಓದಿ ಮನೆಯಲ್ಲಿ ಯಾರೂ ಏನೂ ಮಾಡಹೋಗಬೇಡಿ. ಅಷ್ಟು ಪರೀಕ್ಷೆ ಇಲ್ಲದಿದ್ದರೆ ನನ್ನ ಗಂಡನದೇ ನನಗೆ ಹಾಕುತ್ತಿದ್ದರು.

ಮೂರು ತಿಂಗಳ ಆ ಕಾಗದ ಹಿಡಿದು ಭಾಲ್ಕಿಗೆ ಬಂದ ದಿನ, ಚಪ್ಪಲಿ ಬಿಟ್ಟು ನೇರ ಕಲಾವತಿಯ ಅಡುಗೆ ಮನೆಗೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ನನ್ನನ್ನು ನೋಡಿ ಮಣೆ ಸರಿಸಿದಳು. ಕುಳಿತೆ. ಏನೇನೋ ಹೇಳಬೇಕೆಂದು ಬಂದಿದ್ದೆ, ಬಾಯಿಂದ ಬಂದದ್ದು ಒಂದೇ ಪ್ರಶ್ನೆ.

"ಕಲಾವತಿ, ಅವತ್ತ ಆ ಹೋಳಿಗ್ಯಾಗ ಏನರೆ ಹಾಕಿದ್ದೇನು?"

ಅವಳ ಕೈ ನಿಂತಿತು. ಸಿಟ್ಟು ಬಂತು, ಮುಖದ ಮೇಲೆ ಕಂಡಿತು. "ಹನ್ನೊಂದು ವರ್ಷ ಯಾರ್ಯಾರಿಗೋ ಕೇಳಿದಿ. ನನಗ ಇವತ್ತ ಕೇಳ್ತಿ" ಎಂದಳು. ಮತ್ತೆ ರೊಟ್ಟಿ ಬಡಿದು ಹಂಚಿನ ಮೇಲೆ ಹಾಕಿದಳು, ನೀರು ಸವರಿದಳು, ತಿರುವಿದಳು. "ಅವತ್ತ ಏನೂ ಹಾಕಿದ್ದಿಲ್ಲ. ಹಾಕಿದ್ದು ಏನರೆ ಇದ್ರ ಈ ವರ್ಷ ಹಾಕೀನಿ. ಅದೂ ನಿನ್ನ ಸಹಿ ತಗೊಂಡು."

ನಾನು ನಕ್ಕೆ. ನಗುತ್ತ ನಗುತ್ತ ಅತ್ತುಬಿಟ್ಟೆ. ತಪ್ಪಾಯಿತು ಎಂದೆ. ಓಣಿಯ ಎಲ್ಲರ ಮುಂದೆಯೂ ಹೇಳುತ್ತೇನೆ ಎಂದೆ, ಹೇಳಿದ್ದೇನೆ, ಈಗ ನಿಮ್ಮ ಮುಂದೆಯೂ ಹೇಳುತ್ತಿದ್ದೇನೆ. ಅವಳು ಉಬ್ಬಿದ ರೊಟ್ಟಿ ತೆಗೆದು, ಮೇಲೆ ಖಾರದ ಶೇಂಗಾ ಹಿಂಡಿಯ ಪುಡಿ ಹಾಕಿ ನನ್ನ ಮುಂದಿಟ್ಟಳು.

ರೊಟ್ಟಿ ಮುರಿದೆ. ಎರಡು ಪದರುಗಳ ನಡುವೆ ನನ್ನ ಕಣ್ಣು ತಾನಾಗಿಯೇ ಹೋಯಿತು, ಹಳೆಯ ಚಾಳಿ. ಅವಳು ಅದನ್ನು ನೋಡಿದಳು.

"ನೋಡಕ್ಕಾ. ಬೆಳಕಿಗಿ ಹಿಡದು ಚಲೋತ್ನಾಗಿ ನೋಡು. ನೋಡಿ ಉಣ್ಣು."

ನೋಡಿದೆ. ಉಂಡೆ.